ಆಷಾಢ ಶುಕ್ರವಾರದ ಕೇಸರಿಬಾತು

ನ್ಯೂಜರ್ಸಿಯ ಕನ್ನಡದವರ ಯಾವ ಮನೆಗೆ ಊರಿಂದ ಅಮ್ಮನೋ ಅತ್ತೆಯೋ ಬಂದಿಳಿಯಲಿ, ಎರಡನೆಯ ದಿನಕ್ಕೆ ಫೋನು ಹೋಗುತ್ತಿದ್ದುದು ದ್ವಾರಕಾನಾಥನಿಗೆ. ಗಂಡಸರಿಗೆ ಆಫೀಸು, ಹೆಂಗಸರಿಗೆ ಕೈಕೂಸು. ಬಂದ ಮುದುಕಿಗೆ ಊರು ತೋರಿಸುವವರು ಯಾರು? "ದ್ವಾರಕಿ, ನಮ್ಮಮ್ಮ ಬಂದಿದಾರೆ ಕಣೋ" ಅಂದರೆ ಸಾಕು, ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಅವನ ನೀಲಿ ಕಾರು ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಕಾರಿನೊಳಗೆ ಒಂದು ಫ್ಲಾಸ್ಕು ಬಿಸಿನೀರು, ಒಂದು ಶಾಲು, ಕಾಲು ಚಾಚಿಕೊಳ್ಳಲು ಒಂದು ಮಣೆ. ಯಾವ ದೊಡ್ಡ ಕಟ್ಟಡದಲ್ಲಿ ಲಿಫ್ಟ್ ಎಲ್ಲಿದೆ, ಯಾವ ಪಾರ್ಕಿನಲ್ಲಿ ಎಷ್ಟು ಹೆಜ್ಜೆಗೊಂದು ಬೆಂಚಿದೆ, ಎಲ್ಲಿಯ ಕಕ್ಕಸು ಚೊಕ್ಕಟ, ಎಲ್ಲ ಅವನಿಗೆ ಬಾಯಿಪಾಠ. ಆರು ವರ್ಷದಲ್ಲಿ ನಲವತ್ತೊಂದು ಜನ ತಾಯಂದಿರಿಗೆ ನ್ಯೂಯಾರ್ಕ್ ತೋರಿಸಿದ್ದಾನೆ ಎಂದು ನನ್ನ ಮಗಳು ಪದ್ಮಜಾ ಹೇಳುತ್ತಿದ್ದಳು. ನಾನು ನಲವತ್ತೆರಡನೆಯವಳು.

ಅದು ಎಪ್ಪತ್ತಮೂರನೆಯ ಇಸವಿಯ ಬೇಸಿಗೆ. ಮಗಳ ಮನೆ ವೆಸ್ಟ್ ವಿಂಡ್ಸರ್‌ನಲ್ಲಿ, ರೈಲ್ವೆ ಸ್ಟೇಷನ್ನಿಗೆ ಹತ್ತಿರ. ದ್ವಾರಕಾನಾಥ ಇದ್ದುದು ಜರ್ಸಿ ಸಿಟಿಯಲ್ಲಿ, ಒಬ್ಬನೇ. ಮೈಸೂರಿನ ಹುಡುಗ. ಚಿಕ್ಕಂದಿನಲ್ಲೇ ತಂದೆತಾಯಿ ತೀರಿಕೊಂಡು, ಅಕ್ಕ ಶೈಲಮ್ಮನ ಕೈಯಲ್ಲಿ ಬೆಳೆದವನು. ಅರವತ್ತೇಳರಲ್ಲಿ ಇಲ್ಲಿಗೆ ಓದಲು ಬಂದ. ಈಗ ಬಾಯ್ಲರುಗಳ ನಕ್ಷೆ ಬರೆಯುವ ಕಚೇರಿಯಲ್ಲಿ ಕೆಲಸ. ಮೂವತ್ತೆಂಟು ವರ್ಷ, ಮುಂದಲೆಯಲ್ಲಿ ಕೂದಲು ಸರಿದಿತ್ತು. ಮಾತು ಕಡಮೆ. ಏನು ಮಾಡಬೇಕಾದರೂ ಮೊದಲು ಗ್ರಾಫ್ ಹಾಳೆ ತೆಗೆದು, ಪೆನ್ಸಿಲ್ ಚೂಪು ಮಾಡಿ, ಚೌಕ ಚೌಕವಾಗಿ ಬರೆದುಕೊಳ್ಳಬೇಕು. ನನ್ನನ್ನು ದೊಡ್ಡ ಕಟ್ಟಡದ ಮೇಲಕ್ಕೆ ಕರೆದುಕೊಂಡು ಹೋದ ದಿನದ ಹಾಳೆಯಲ್ಲಿ "೧೧.೪೦: ದೊಡ್ಡಮ್ಮನಿಗೆ ಮಜ್ಜಿಗೆ" ಎಂದು ಒಂದು ಚೌಕವಿತ್ತು. ಸರಿಯಾಗಿ ಹನ್ನೊಂದೂ ನಲವತ್ತಕ್ಕೆ ಮಜ್ಜಿಗೆ ಬಂತು.

ನಾನು ಓದಿದ್ದು ಮೂರನೆಯ ಕ್ಲಾಸು. ಇಂಗ್ಲಿಷ್ ಬಾರದು. ಕಿವಿ ಮಾತ್ರ ಚೆನ್ನಾಗಿದೆ. ಕಾರಿನಲ್ಲಿ ಅವನು ರೇಡಿಯೊ ತಿರುಗಿಸಿದಾಗಲೆಲ್ಲ ಒಂದೇ ಬಗೆಯ ವಾದ್ಯ ಕೇಳುತ್ತಿತ್ತು. ಪಿಯಾನೊ ಒಂದು ಮಾತು ಹೇಳುವುದು, ದೊಡ್ಡ ಪಿಟೀಲಿನಂಥದೊಂದು ಹೂಂಗುಟ್ಟುವುದು. "ಇದೇನೋ ಇದು, ಇಬ್ಬರು ಜಗಲಿ ಮೇಲೆ ಕೂತು ಮಾತಾಡಿದ ಹಾಗಿದೆ" ಅಂದೆ. ಅವನು ಕಾರಿನ ವೇಗ ಕಡಮೆ ಮಾಡಿ ನನ್ನ ಕಡೆ ನೋಡಿದ.

"ದೊಡ್ಡಮ್ಮ, ನಲವತ್ತೊಂದು ಜನದಲ್ಲಿ ಯಾರೂ ಹೀಗಂದಿರಲಿಲ್ಲ. ಎಲ್ಲಾರೂ 'ಆರಿಸೋ, ತಲೆನೋವು' ಅಂದೋರೇ."

ಮರು ಭಾನುವಾರ ಅವನು ಕರೆಯದೇ ಬಂದ. ನಾನು ಅಡುಗೆಮನೆಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ಎದುರು ಕೂತು ಅವನೂ ಎರಡು ಕಾಯಿ ಮುರಿದ. ಆಮೇಲೆ ಜೇಬಿನಿಂದ ಊರಿನ ಕಾಗದವೊಂದನ್ನು ತೆಗೆದು ಮುಂದಿಟ್ಟ.

"ಓದಿ ದೊಡ್ಡಮ್ಮ."

ಶೈಲಮ್ಮ ಬರೆದದ್ದು. ನಾನು ಕೂಡಿಸಿ ಕೂಡಿಸಿ ಓದುವವಳು, ಹೊತ್ತು ಹಿಡಿಯಿತು. ಅದರಲ್ಲಿದ್ದದ್ದು ಇಷ್ಟು: 'ನೀನು ಆ ಹುಡುಗಿಯನ್ನು ಮಾಡಿಕೊಳ್ಳುತ್ತೇನೆ ಅಂತೀಯ. ನಾನು ಅಡ್ಡ ಬರುವುದಿಲ್ಲ. ಆದರೆ ಸಮುದ್ರದಾಚೆಯೇ ಆಗಲಿ, ಹೆಣ್ಣು ನೋಡದೆ ನಮ್ಮ ಮನೆಯಲ್ಲಿ ಮದುವೆ ಆದದ್ದಿಲ್ಲ. ನಮ್ಮ ಕಡೆಯ ಒಬ್ಬ ಹಿರಿಯ ಹೆಂಗಸು ಹೋಗಿ ನೋಡಲಿ. ನೋಡಿದವರು ತಮ್ಮ ಕೈಯಾರೆ ನನಗೆ ಬರೆಯಲಿ. ಅವರು ಬೇಡ ಎಂದರೆ ಬೇಡ. ಹುಡುಗಿಯ ವಯಸ್ಸು, ಬಣ್ಣ, ಅಡುಗೆ, ಹಿರಿಯರ ಹತ್ತಿರ ನಡೆದುಕೊಳ್ಳುವ ರೀತಿ, ಇಷ್ಟು ನನಗೆ ಗೊತ್ತಾಗಬೇಕು.'

"ಯಾರೋ ಹುಡುಗಿ?"

"ಮಾರ್ಗರೆಟ್ ಅಂತ. ಇಲ್ಲೇ ನ್ಯೂಜರ್ಸಿಯ ನ್ಯೂವರ್ಕ್ ಅನ್ನೋ ಊರಲ್ಲಿ ಸ್ಕೂಲ್ ಮೇಡಂ. ಶುಕ್ರವಾರ ಸಂಜೆ ನ್ಯೂಯಾರ್ಕಿನ ಒಂದು ಊಟದ ಹೋಟೆಲಲ್ಲಿ ಪಿಯಾನೊ ನುಡಿಸ್ತಾಳೆ. ನೀವು ಕಾರಲ್ಲಿ ಕೇಳಿದ್ರಲ್ಲ, ಆ ಥರಾ ಸಂಗೀತ. ಜಾಜ್ ಅಂತಾರೆ."

ಪದ್ಮಜಾ ಒಗ್ಗರಣೆ ಸೌಟು ಹಿಡಿದೇ ತಿರುಗಿದಳು. "ಅಯ್ಯೋ ದ್ವಾರಕಿ! ನಮ್ಮಮ್ಮನ್ನ ಇದರಲ್ಲಿ ಸಿಕ್ಕಿಸ್ಬೇಡಪ್ಪ. ಅಮ್ಮಾ, ನೀನು ಹೂಂ ಅಂದು ನಾಳೆ ಹೆಚ್ಚುಕಮ್ಮಿ ಆದ್ರೆ ಮೈಸೂರಲ್ಲಿ ಎಲ್ಲಾರೂ ನಿನ್ನ ತಲೆಗೇ ಕಟ್ತಾರೆ."

"ಇರೇ, ಅವನು ಮುಗಿಸಲಿ."

ಅವನು ಹುರುಳಿಕಾಯಿ ನೋಡುತ್ತಲೇ ಮಾತಾಡಿದ. ಎಪ್ಪತ್ತರಲ್ಲಿ ಮೂರು ವಾರ ರಜೆ ಹಾಕಿ ಊರಿಗೆ ಹೋಗಿದ್ದನಂತೆ. ಅಕ್ಕ ಒಂಬತ್ತು ಮನೆಗೆ ಕರೆದುಕೊಂಡು ಹೋದಳು. ಒಂಬತ್ತು ತಟ್ಟೆ ಉಪ್ಪಿಟ್ಟು, ಒಂಬತ್ತು ತಟ್ಟೆ ಕೇಸರಿಬಾತು. ಒಂಬತ್ತನೆಯ ಮನೆಯ ಹುಡುಗಿಗೆ ಹಾಡಮ್ಮ ಎಂದರು. ಆಕೆ ಹೆದರಿ ಹೆದರಿ ಶುರು ಮಾಡಿ, ಇನ್ನೇನು ಗಂಟಲು ಬಿಚ್ಚಬೇಕು, ಇವನ ಕಡೆಯ ಯಾರೋ ಹಿರಿಯರು ಬಾಯಲ್ಲಿ ಕೇಸರಿಬಾತು ಇಟ್ಟುಕೊಂಡೇ "ಸಾಕು ಸಾಕು, ಬರುತ್ತೆ ಅಂತ ಗೊತ್ತಾಯ್ತಲ್ಲ" ಅಂದರು.

"ಆ ಹುಡುಗಿ ಮುಖ ನೋಡಕ್ಕಾಗ್ಲಿಲ್ಲ ದೊಡ್ಡಮ್ಮ. ಒಬ್ಬಳನ್ನೂ ಒಪ್ಪದೇ ವಾಪಸ್ ಬಂದೆ. ಇಲ್ಲಿ ಬಂದು ಒಂದು ಶುಕ್ರವಾರ ಸಂಜೆ ಮಳೆಗೆ ಆ ಹೋಟೆಲಿಗೆ ನುಗ್ಗಿದೆ. ಮೂರು ವರ್ಷ ಆಯ್ತು. ಒಂದು ಶುಕ್ರವಾರನೂ ತಪ್ಪಿಸಿಲ್ಲ."

"ಬೇರೆ ಹಿರೀರು ಯಾರೂ ಇಲ್ವೇನೋ?"

"ಇದಾರೆ. ಆದ್ರೆ ಅವರು ನೋಡ್ತಾರೆ. ನೀವು ಕೇಳ್ತೀರಿ."

ಹೂಂ ಅಂದೆ. ಆದರೂ ಒಂದು ಮಾತು ಗಟ್ಟಿ ಮಾಡಿಕೊಂಡೆ. "ನೋಡು ದ್ವಾರಕಿ, ನಾನು ಸುಳ್ಳು ಬರೆಯೋಳಲ್ಲ. ಮನಸ್ಸಿಗೆ ಬರದೇ ಹೋದ್ರೆ ಬರಲಿಲ್ಲ ಅಂತ್ಲೇ ಬರೀತೀನಿ. ಆಮೇಲೆ ನನ್ನ ಬಯ್ಕೋಬಾರದು."

"ಹಾಗೇ ಬರೀರಿ. ಅಕ್ಕ ಬೇಡ ಅಂದ್ರೆ ನಾನು ಮುಂದುವರಿಯಲ್ಲ. ಮಾರ್ಗರೆಟ್‌ಗೂ ಹೇಳಿದೀನಿ. ಅವಳೂ ಒಪ್ಪಿದಾಳೆ." ಹೇಳುವಾಗ ಅವನ ಕೈಯ ಹುರುಳಿಕಾಯಿ ಹತ್ತು ಚೂರಾಗಿತ್ತು.

ಆ ವಾರವೆಲ್ಲ ಏರ್ಪಾಟು. ದಿನಾ ಸಂಜೆ ಫೋನು. ಮೇಜು ಹಿಡಿದಾಯಿತು, ಜುಲೈ ಹದಿಮೂರು, ಶುಕ್ರವಾರ. ಹೋಟೆಲಿನ ಅಡುಗೆಯವನನ್ನು ಖುದ್ದಾಗಿ ಕಂಡು ಬಂದನಂತೆ: ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಮೂಳೆ ಬೇಯಿಸಿದ ನೀರಿನ ಸಾರೂ ಬೇಡ.

"ಅವನೇನಂದ?"

"'ಆ ಅಮ್ಮ ಹಾಗಿದ್ರೂ ಇಷ್ಟು ವರ್ಷ ಬದುಕಿದಾರಾ?' ಅಂದ."

ಗುರುವಾರ ಗ್ರಾಫ್ ಹಾಳೆ ಹಿಡಿದು ಬಂದ. ನಾಲ್ಕೂ ಹತ್ತರ ರೈಲು. ಶುಕ್ರವಾರ ಸಂಜೆ ನ್ಯೂಯಾರ್ಕಿಗೆ ಹೋಗುವ ನದಿಯಡಿಯ ಸುರಂಗದಲ್ಲಿ ಕಾರು ಸಿಕ್ಕಿಬೀಳುತ್ತದೆ, ರೈಲೇ ವಾಸಿ. ಐದೂವರೆಗೆ ಟ್ಯಾಕ್ಸಿ. ಆರಕ್ಕೆ ಮೇಜು. ಆರರಿಂದ ಏಳು ಊಟ. ಏಳಕ್ಕೆ ಸಂಗೀತ. ಎಂಟೂಕಾಲಿಗೆ ಮಾರ್ಗರೆಟ್ ಮೇಜಿಗೆ ಬಂದು ಮಾತು. ಸ್ಟೇಷನ್ನಿನ ಮೆಟ್ಟಿಲೆಷ್ಟು ಎಂಬುದಕ್ಕೂ ನನ್ನ ಮಂಡಿಯ ಸಲುವಾಗಿ ಒಂದು ಚೌಕ. ಹಾಳೆ ನೋಡಿ ಪದ್ಮಜಾ ನಕ್ಕಳು. "ಏನೋ ಇದು, ಬಾಯ್ಲರ್ ಕೂರಿಸ್ತಿದೀಯಾ, ಹೆಣ್ಣು ತೋರಿಸ್ತಿದೀಯಾ?"

ನಾನು ತಾರೀಖು ನೋಡಿ ಬೆರಳು ಎಣಿಸಿದೆ. "ಅಯ್ಯೋ ಪುಣ್ಯಾತ್ಮ, ಇದು ಆಷಾಢ ಅಲ್ಲವೇನೋ! ಆಷಾಢದಲ್ಲಿ ಯಾರಾದ್ರೂ ಹೆಣ್ಣು ನೋಡ್ತಾರಾ?"

ಅವನ ಮುಖ ಬಾಡಿತು. ಇಷ್ಟೆಲ್ಲ ಚೌಕ ಬರೆದವನಿಗೆ ಪಂಚಾಂಗದ ಚೌಕ ಹೊಳೆದಿರಲಿಲ್ಲ. "ಆಗಸ್ಟಲ್ಲಿ ಅವರ ಹೋಟೆಲು ಮುಚ್ಚಿರುತ್ತೆ. ಮತ್ತೆ ತೆರೆಯೋ ಹೊತ್ತಿಗೆ ನೀವು ಊರಿಗೆ ಹೊರಟಿರ್ತೀರಿ. ಈ ಶುಕ್ರವಾರ ಮೇಜು ಸಿಕ್ಕಿದ್ದೇ ಹೆಚ್ಚು. ಅದೂ ಯಾಕೆ ಅಂದ್ರೆ, ಹದಿಮೂರನೇ ತಾರೀಖು ಶುಕ್ರವಾರ ಬಂದ್ರೆ ಇಲ್ಲಿನೋರಿಗೆ ಅಪಶಕುನ. ಜನ ಬರಲ್ಲ."

"ಓಹೋ! ಅವರಿಗೂ ಕೆಟ್ಟ ದಿನ, ನಮಗೂ ಕೆಟ್ಟ ದಿನ" ಎಂದು ಪದ್ಮಜಾ ಕೈ ತಟ್ಟಿದಳು. "ಇದಕ್ಕಿಂತ ಒಳ್ಳೆ ಜೋಡಿ ಎಲ್ಲಿ ಸಿಗುತ್ತಮ್ಮ!"

ನನಗೂ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ನೆನಪಾಯಿತು. ಆಷಾಢ ಮದುವೆಗೆ ಆಗದು, ಸರಿ. ಆದರೆ ಮೈಸೂರಿನವರಿಗೆ ಆಷಾಢದ ಶುಕ್ರವಾರಕ್ಕಿಂತ ಹೆಚ್ಚಿನ ದಿನವುಂಟೆ? ಬೆಳಗಿನ ಜಾವ ಎದ್ದು ಬೆಟ್ಟ ಹತ್ತಿ ತಾಯಿ ಚಾಮುಂಡಿಯ ದರ್ಶನ ಮಾಡುವುದು ಅವತ್ತೇ ತಾನೆ?

"ಆಯ್ತು ಬಿಡೋ. ಅವತ್ತು ತಾಯಿ ದಿನ. ನಾವು ಸಂಗೀತ ಕೇಳಕ್ಕೆ ಹೋಗ್ತೀವಿ, ಊಟ ಮಾಡ್ತೀವಿ. ಕಣ್ಣಿದೆ, ಕಾಣಿಸಿದ್ದು ಕಾಣ್ಲಿ. ಅದಕ್ಕೆ ಮಾಸ ಅಡ್ಡ ಬರಲ್ಲ."

ಅವನು ಆ ಹಾಳೆಯ ಮೂಲೆಯಲ್ಲಿ ಸಣ್ಣಗೆ "ಚಾಮುಂಡೇಶ್ವರಿ ಪ್ರಸನ್ನ" ಎಂದು ಬರೆದುಕೊಂಡ.

ಇನ್ನೊಂದು ಸಂಗತಿ ನನಗೆ ತಿಳಿದದ್ದು ಆಮೇಲೆ, ಆದರೆ ನಿಮಗೆ ಈಗಲೇ ಹೇಳಿಬಿಡುತ್ತೇನೆ. ಮಾರ್ಗರೆಟ್ ಅವನನ್ನು ಕೇಳಿದ್ದಳಂತೆ, "ನೋಡಲು ಬರುವ ಅಮ್ಮನಿಗೆ ನಾನು ಒಪ್ಪಿಗೆಯಾದೆನೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು?" ಎಂದು. ಇವನು, "ಹೆಣ್ಣಿನ ಕಡೆಯವರು ಕೊಟ್ಟ ಕೇಸರಿಬಾತನ್ನು ಇಷ್ಟಪಟ್ಟು ತಿಂದರೆ ಅರ್ಧ ಒಪ್ಪಿಗೆ. ಇನ್ನೊಂದು ಸಲ ಹಾಕಿಸಿಕೊಂಡರೆ ಪೂರ್ತಿ. ತಟ್ಟೆ ಮುಟ್ಟದಿದ್ದರೆ ಇಲ್ಲ" ಅಂದುಬಿಟ್ಟಿದ್ದ. ಒಂಬತ್ತು ಮನೆ ನೋಡಿದವನ ಲೆಕ್ಕ ಅದು. ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಂಡು, ಅವನಿಂದಲೇ ಕೇಳಿ, ರವೆ ಸಿಗದ ಊರಿನಲ್ಲಿ ಇಲ್ಲಿನವರು ಗಂಜಿ ಮಾಡುವ ಕ್ರೀಮ್ ಆಫ್ ವೀಟ್ ತಂದು, ಬೆಣ್ಣೆ ಕಾಯಿಸಿ, ಮೂರು ರಾತ್ರಿ ಕಲಿತು, ನಾಲ್ಕನೆಯ ಸಲ ಸರಿಯಾದದ್ದನ್ನು ಡಬ್ಬಿಯಲ್ಲಿ ಹಾಕಿ ಹೋಟೆಲಿಗೆ ತಂದಿಟ್ಟಿದ್ದಳು.

ಶುಕ್ರವಾರ ನಾನು ನೇರಳೆ ಬಣ್ಣದ ಮೈಸೂರು ರೇಷ್ಮೆ ಉಟ್ಟೆ. ಚೀಲದಲ್ಲಿ ಕುಂಕುಮದ ಭರಣಿ, ಒಂದು ರವಿಕೆ ಕಣ, ಮಗಳ ತೋಟದ ಎರಡು ಬಿಳಿ ಗುಲಾಬಿ. ಮನಸ್ಸಿಗೆ ಬಂದರೆ ಕೊಡುವುದು, ಇಲ್ಲದಿದ್ದರೆ ಚೀಲದಲ್ಲೇ ಇರಲಿ. ದ್ವಾರಕಿ ಕೋಟು ಹಾಕಿ, ಟೈ ಕಟ್ಟಿ, ಮೂರೂವರೆಗೇ ಹಾಜರು.

ನಾಲ್ಕೂ ಹತ್ತರ ರೈಲು ಬಂದದ್ದು ನಾಲ್ಕೂ ಮುಕ್ಕಾಲಿಗೆ. ಬಂದದ್ದು ದಾರಿಯಲ್ಲಿ ಒಂದು ಬಯಲಿನ ನಡುವೆ ನಿಂತುಬಿಟ್ಟಿತು. ಯಾಕೆ ನಿಂತಿತು ಎಂದು ಯಾರೂ ಹೇಳಲಿಲ್ಲ. ಎದುರಿಗೆ ಜೊಂಡು ಬೆಳೆದ ಕೊಳ, ಅದರಲ್ಲಿ ಒಂದು ಕೊಕ್ಕರೆ. ದ್ವಾರಕಿ ಹಾಳೆ ತೆಗೆದು ಒಂದೊಂದೇ ಚೌಕದ ಗಂಟೆ ಅಳಿಸಿ ಮುಂದಕ್ಕೆ ಬರೆದ. ಮತ್ತೆ ಅಳಿಸಿದ. ಕೊನೆಗೆ ರಬ್ಬರು ಉಜ್ಜಿ ಉಜ್ಜಿ ಹಾಳೆ ತೂತಾಯಿತು.

"ದೊಡ್ಡಮ್ಮ, ಊಟದ ಚೌಕವೇ ಹೋಯ್ತು" ಅಂದ.

"ಹೋದ್ರೆ ಹೋಗ್ಲಿ ಬಿಡೋ. ಆ ಕೊಕ್ಕರೆ ನೋಡು, ಅದಕ್ಕೇನಾದ್ರೂ ಗಾಬರಿ ಇದೆಯಾ?"

ನಾವು ಹೋಟೆಲು ಮುಟ್ಟಿದಾಗ ಏಳಕ್ಕೆ ಎರಡು ನಿಮಿಷ. ಹೊರಗೆ ಇನ್ನೂ ಬಿಸಿಲಿತ್ತು. ಬೀದಿಯಿಂದ ನಾಲ್ಕು ಮೆಟ್ಟಿಲು ಕೆಳಗೆ ಒಂದು ಉದ್ದನೆಯ ಕೋಣೆ, ಹದಿನೈದು ಮೇಜು, ಮೇಜಿಗೊಂದು ಕೆಂಪು ಗಾಜಿನೊಳಗೆ ದೀಪ. ಅಪಶಕುನದ ದಿನವೆಂದು ಅರ್ಧ ಖಾಲಿ. ನಾವು ಕೂತೆವು, ಪಿಯಾನೊ ಶುರುವಾಯಿತು, ಅದೇ ಕ್ಷಣಕ್ಕೆ ಬಡಿಸುವವನು ನನ್ನ ಮುಂದೆ ತಟ್ಟೆ ಇಟ್ಟ. ಬೇಯಿಸಿದ ಆಲೂಗಡ್ಡೆ, ಹುರುಳಿಕಾಯಿ, ಅನ್ನ. ಪಕ್ಕದಲ್ಲಿ ಒಂದು ಬಿಳಿ ಬಟ್ಟಲಲ್ಲಿ ಕೇಸರಿಬಾತು. ಮೇಲೊಂದು ಇಡೀ ಗೋಡಂಬಿ.

ನಾನು ಕೈ ಮಡಿಲಲ್ಲಿಟ್ಟುಕೊಂಡು ಪಿಯಾನೊ ಕಡೆ ತಿರುಗಿ ಕೂತೆ.

ಇದಕ್ಕೆ ಕಾರಣ ಹೇಳಬೇಕು. ಮದುವೆಯಾಗಿ ನಾನು ಹೊಕ್ಕ ಮನೆ ನಮ್ಮ ಬೀದಿಯ ರಾಮಮಂದಿರದ ಹಿಂಗೋಡೆಗೆ ಅಂಟಿಕೊಂಡಿತ್ತು. ರಾಮೋತ್ಸವದ ಕಛೇರಿಗೆ ಬಂದ ವಿದ್ವಾಂಸರಿಗೆಲ್ಲ ನಮ್ಮ ಮನೆಯಲ್ಲೇ ಅಡುಗೆ. ನಾನು ಸಂಗೀತ ಕೇಳಿದ್ದೆಲ್ಲ ಒಲೆಯ ಮುಂದೆ, ಗೋಡೆಯ ಈಚೆಯಿಂದ. ನಮ್ಮತ್ತೆಯವರದು ಒಂದೇ ಕಟ್ಟಳೆ: ಅತ್ತ ಶ್ರುತಿ ಹಿಡಿದರೆ ಇತ್ತ ಯಾರ ಬಾಯಿಯೂ ಆಡಕೂಡದು. ಊಟದ ನಡುವೆ ಶುರುವಾದರೆ ಕೈ ತೊಳೆದು ಕೂರಬೇಕು. ಎಲೆಅಡಿಕೆ ಕೂಡ ಉಗಿದುಬಿಡಬೇಕು. "ಒಬ್ಬರು ಪ್ರಾಣ ಬಿಟ್ಟು ನುಡಿಸ್ತಿರುವಾಗ ನೀವು ಮೆಲುಕು ಹಾಕ್ತೀರಾ? ದನಾನಾ?" ಎನ್ನುತ್ತಿದ್ದರು. ನಲವತ್ತೈದು ವರ್ಷದ ಅಭ್ಯಾಸ. ಹೋಟೆಲಿನಲ್ಲಿ ಸುತ್ತಲೂ ಚಮಚ, ಚಾಕು, ಮಾತು, ನಗು. ಅದು ಅವರ ರೀತಿ, ನಾನು ತಪ್ಪು ಹೇಳಲಾರೆ. ನನ್ನ ಕೈ ಮಾತ್ರ ತಟ್ಟೆಗೆ ಹೋಗಲಿಲ್ಲ.

ಪಿಯಾನೊದ ಮುಂದೆ ಮಾರ್ಗರೆಟ್. ಮೂವತ್ತೈದರ ಆಸುಪಾಸು. ಎಣ್ಣೆಗಪ್ಪು ಮೈಬಣ್ಣ, ಎತ್ತರದ ಕತ್ತು, ಹಳದಿ ಉಡುಪು. ಅವಳ ಪಕ್ಕದಲ್ಲಿ ಆಳೆತ್ತರದ ಪಿಟೀಲಿನಂಥ ಬಾಸ್ ಅಪ್ಪಿಕೊಂಡು ನಿಂತ ಒಬ್ಬ ಅಜ್ಜ, ನೆರೆತ ತಲೆ, ಎಪ್ಪತ್ತಾದರೂ ಇದ್ದೀತು. ಹಿಂದೆ ಡ್ರಮ್ಮಿನವನು. ಮೊದಲ ಹಾಡು ಜೋರಾಗಿ, ಸಂತೋಷವಾಗಿ ಹರಿಯಿತು. ನುಡಿಸುತ್ತಲೇ ಅವಳು ನಮ್ಮ ಮೇಜಿನತ್ತ ನೋಡಿದಳು. ನನ್ನನ್ನಲ್ಲ, ಬಟ್ಟಲನ್ನು.

"ದೊಡ್ಡಮ್ಮ, ಒಂದು ಚಮಚ ತಗೊಳ್ಳಿ" ಎಂದು ದ್ವಾರಕಿ ಪಿಸುಗುಟ್ಟಿದ.

"ಹುಶ್!"

ಎರಡನೆಯ ಹಾಡು. ಅವಳು ಮತ್ತೆ ನೋಡಿದಳು. ಬಟ್ಟಲು ಹಾಗೇ ಇತ್ತು. ಗೋಡಂಬಿ ಕೂಡ ಅಲುಗಿರಲಿಲ್ಲ. ಬಡಿಸುವವನು ಬಂದು ನನ್ನ ಮುಖ ನೋಡಿ ದ್ವಾರಕಿಯ ಕಿವಿಯಲ್ಲಿ ಏನೋ ಕೇಳಿದ. ಅಡುಗೆಯವನು ಬಾಗಿಲ ಸಂದಿಯಿಂದ ಇಣುಕಿದ. ದ್ವಾರಕಿಯ ಹಣೆಯಲ್ಲಿ ಬೆವರು.

"ದೊಡ್ಡಮ್ಮ, ದಮ್ಮಯ್ಯ ಅಂತೀನಿ. ಬರೀ ಗೋಡಂಬಿ ಆದ್ರೂ..."

"ಸುಮ್ನೆ ಕೂತ್ಕೊಳೋ. ಸಂಗೀತ ಕೇಳಕ್ಕೆ ಕರಕೊಂಡು ಬಂದು ಮಧ್ಯೆ ಬಾಯಿ ಹಾಕ್ತೀಯಲ್ಲ!"

ಅವನು ಕೋಟಿನ ಗುಂಡಿ ಹಾಕಿದ, ತೆಗೆದ, ಮತ್ತೆ ಹಾಕಿದ.

ಮೂರನೆಯ ಹಾಡಿಗೆ ಅವಳ ಕೈ ಬದಲಾಯಿತು. ಅದು ನನ್ನ ಕಿವಿಗೆ ಗೊತ್ತಾಯಿತು, ಕಾರಣ ಗೊತ್ತಾಗಲಿಲ್ಲ. ಬೇಗ ಮುಗಿಸಿ ಎದ್ದು ಹೋಗಬೇಕು ಎನ್ನುವವರ ಹಾಗೆ ಬೆರಳು ಓಡುತ್ತಿತ್ತು. ಡ್ರಮ್ಮಿನವನೂ ಅವಳ ಬೆನ್ನು ಹಿಡಿದು ಓಡಿದ. ಅಜ್ಜನಿಗೆ ಆಗಲಿಲ್ಲ. ಒಂದು ತಿರುವಿನಲ್ಲಿ ಅವನು ಎಡವಿದ. ತೀರ ಸಣ್ಣದು, ಅನ್ನದಲ್ಲಿ ಕಲ್ಲು ಸಿಕ್ಕಿದಷ್ಟೇ. ಬೆರಳು ತಂತಿಯ ಮೇಲೆ ತಡಕಾಡಿತು. ಸುತ್ತ ತಿನ್ನುತ್ತಿದ್ದವರು ಯಾರೂ ಗಮನಿಸಲಿಲ್ಲ.

ಮಾರ್ಗರೆಟ್ ಗಮನಿಸಿದಳು. ಓಡುತ್ತಿದ್ದವಳು ಅಲ್ಲೇ ನಿಂತಳು. ಅದೇ ಪುಟ್ಟ ಮಾತನ್ನು ಮತ್ತೊಮ್ಮೆ ನುಡಿಸಿದಳು. ಅಜ್ಜನಿಗೆ ಇನ್ನೂ ಸಿಗಲಿಲ್ಲ. ಮೂರನೆಯ ಸಲ ಇನ್ನೂ ನಿಧಾನವಾಗಿ, ಮೊದಲೇ ಹಾಗೆ ನುಡಿಸಬೇಕೆಂದಿದ್ದವಳಂತೆ, ಚಂದವಾಗಿ ನುಡಿಸಿದಳು. ಮಕ್ಕಳಿಗೆ ತುತ್ತು ಮಾಡಿ ಬಾಯಿ ತೆರೆಯುವವರೆಗೆ ಕೈ ಹಿಡಿದುಕೊಂಡಿರುತ್ತೇವಲ್ಲ, ಹಾಗೆ. ಅಜ್ಜ ಹಿಡಿದುಕೊಂಡ. ಅವಳು ಅವನತ್ತ ತಿರುಗಿ ನೋಡಲೂ ಇಲ್ಲ. ನೋಡಿದ್ದರೆ ಜನಕ್ಕೆ ಗೊತ್ತಾಗುತ್ತಿತ್ತಲ್ಲ! ಆಮೇಲೆ ಹಾಡಿನ ಕೊನೆಯವರೆಗೂ ಅವನ ಹೆಜ್ಜೆಗೇ ನಡೆದಳು.

ಗೋಡೆಯ ಈಚೆಯಿಂದ ನಾನು ಎಷ್ಟೋ ದೊಡ್ಡವರನ್ನು ಕೇಳಿದ್ದೇನೆ. ಪಕ್ಕವಾದ್ಯದವನು ಹಿಂದೆ ಬಿದ್ದರೆ ಬಿಟ್ಟು ಓಡಿ ಚಪ್ಪಾಳೆ ಗಿಟ್ಟಿಸಿದವರೂ ಇದ್ದರು. ನಮ್ಮತ್ತೆ ಅಂಥವರಿಗೆ ಬಡಿಸುವಾಗ ತುಪ್ಪದ ಮಿಳ್ಳೆಯನ್ನೇ ಹೊರಗೆ ತರುತ್ತಿರಲಿಲ್ಲ. ಕಾಯುವವರಿಗೆ ಎರಡು ಮಿಳ್ಳೆ.

ಶೈಲಮ್ಮನಿಗೆ ಏನು ಬರೆಯಬೇಕೆಂದು ನನಗೆ ಅಲ್ಲಿಗೆ ತಿಳಿಯಿತು.

ಇನ್ನೂ ಎರಡು ಹಾಡು ನುಡಿಸಿ ಅವರು ನಿಲ್ಲಿಸಿದರು. ಮಾರ್ಗರೆಟ್ ಎದ್ದು ನೇರ ನಮ್ಮ ಮೇಜಿಗೆ ಬಂದಳು. ನಗಲು ನೋಡಿದಳು, ಆಗಲಿಲ್ಲ. ಕೈ ಜೋಡಿಸಿ "ನಮಸ್ಕಾರ" ಅಂದಳು. ಆಮೇಲೆ ಮೆಲ್ಲಗೆ ಕೈ ಚಾಚಿ ಕೇಸರಿಬಾತಿನ ಬಟ್ಟಲು ಎತ್ತಿಕೊಳ್ಳಲು ಹೋದಳು.

ನಾನು ಬಟ್ಟಲು ಹಿಡಿದುಕೊಂಡೆ. "ಇದೇನಮ್ಮಾ, ಮುಂದಿಟ್ಟ ಬಟ್ಟಲು ಕಿತ್ಕೊಳ್ತೀಯಲ್ಲ? ದ್ವಾರಕಿ, ನೀನು ತೋರಿಸಿದ ಹುಡುಗಿ ಊಟ ಬಡಿಸಿ ಕಿತ್ಕೊಳ್ತಾಳೆ ಅಂತ ಬರೀಲಾ ನಿಮ್ಮಕ್ಕನಿಗೆ?"

ಅವನು ತೊದಲುತ್ತ ಅರ್ಧ ಅವಳಿಗೆ, ಅರ್ಧ ನನಗೆ ಎಲ್ಲವನ್ನೂ ಹೇಳಿದ. ಬಟ್ಟಲು, ಒಪ್ಪಿಗೆ, ಎರಡನೆಯ ಸಲ, ತಟ್ಟೆ ಮುಟ್ಟದಿದ್ದರೆ ಇಲ್ಲ ಎಂಬುದು. ನಾನು ಬಟ್ಟಲನ್ನು ನನ್ನ ಕಡೆಗೆ ಎಳೆದುಕೊಂಡೆ. ಅಯ್ಯೋ, ಈ ಕೂಸು ಅಷ್ಟು ಹೊತ್ತು ಉರಿಯ ಮೇಲೆ ಕೂತು ನುಡಿಸಿತೇ!

"ಮುಟ್ಠಾಳ" ಅಂದೆ ದ್ವಾರಕಿಗೆ. "ಒಂಬತ್ತು ಮನೆ ತಿಂದು ಕಲಿತದ್ದು ಇದೇನಾ? ಹೇಳು ಅವಳಿಗೆ. ನುಡಿಸೋರ ಮುಂದೆ ನಮ್ಮನೇಲಿ ಬಾಯಾಡಿಸಲ್ಲ ಅಂತ ಹೇಳು. ಅವಳು ನುಡಿಸ್ತಾ ಇದ್ದಿದ್ದಕ್ಕೇ ನಾನು ತಿನ್ನಲಿಲ್ಲ ಅಂತ ಹೇಳು. ನುಡಿಸಿದ್ದು ಚೆನ್ನಾಗಿಲ್ದೇ ಇದ್ದಿದ್ರೆ ಯಾವಾಗ್ಲೋ ಖಾಲಿ ಮಾಡಿರ್ತಿದ್ದೆ, ಅದನ್ನೂ ಹೇಳು!"

ಅವನು ಹೇಳಿದ. ಅವಳು ನನ್ನ ಮುಖ ನೋಡಿದಳು, ಕುರ್ಚಿಯಲ್ಲಿ ಕುಸಿದು ಕೂತು ಎರಡು ಕೈಯಲ್ಲೂ ಮುಖ ಮುಚ್ಚಿ ನಕ್ಕಳು. ನಗುವಿನ ಜೊತೆ ಸ್ವಲ್ಪ ಅಳುವೂ ಇತ್ತು. ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದ ಬಾಸಿನ ಅಜ್ಜ ಏನೋ ಹೇಳಿ ನನಗೆ ತಲೆ ಬಾಗಿಸಿದ. ದ್ವಾರಕಿ ಕನ್ನಡಕ್ಕೆ ತಿರುಗಿಸಿದ: "ಐವತ್ತು ವರ್ಷದಿಂದ ಚಮಚದ ಸದ್ದಿನ ಮೇಲೆ ನುಡಿಸ್ತಾ ಬಂದಿದೀನಿ. ಇವತ್ತು ಒಂದು ಮೇಜು ಸುಮ್ನಿತ್ತು, ಅದಕ್ಕೇ ಗಾಬರಿಯಾಗಿ ಎಡವಿದೆ ಅಂತಿದಾರೆ ದೊಡ್ಡಮ್ಮ."

"ಕೂತ್ಕೊಳಪ್ಪ ಅನ್ನು ಅವರಿಗೂ" ಅಂದೆ.

ಕೇಸರಿಬಾತು ತಣ್ಣಗಾಗಿ ಬಟ್ಟಲಿನ ಆಕಾರಕ್ಕೇ ಗಟ್ಟಿಯಾಗಿತ್ತು. ಚಮಚ ಇಳಿಯಲಿಲ್ಲ, ಬೆರಳಿಂದ ಮುರಿದು ತಿಂದೆ. ಸಕ್ಕರೆ ಒಂದು ಹಿಡಿ ಹೆಚ್ಚು. ಎರಡು ಕಡೆ ಗಂಟು. ಏಲಕ್ಕಿ ಮಾತ್ರ ಸಿಪ್ಪೆ ತೆಗೆದು ನುಣ್ಣಗೆ ಕುಟ್ಟಿದ್ದಳು. ಅವಸರದ ಕೈಯಾದರೆ ಹಾಗೆ ಕುಟ್ಟುವುದಿಲ್ಲ. ಪೂರ್ತಿ ತಿಂದೆ. ಬಟ್ಟಲು ಬಳಿದೆ. ಆಮೇಲೆ ಖಾಲಿ ಬಟ್ಟಲನ್ನು ಅವಳ ಮುಂದಕ್ಕೆ ನೀಡಿದೆ.

ಅವಳಿಗೆ ಅರ್ಥವಾಯಿತು. ದ್ವಾರಕಿ ಕಲಿಸಿದ್ದ ಮಾತನ್ನು ಒಂದೊಂದೇ ಅಕ್ಷರ ಎತ್ತಿಟ್ಟು ಹೇಳಿದಳು: "ಇನ್ನೂ... ಸ್ವಲ್ಪ... ಹಾಕ್ಲಾ?"

"ಹಾಕಮ್ಮ!"

ಅಡುಗೆಮನೆಗೆ ಓಡಿದವಳು ಖಾಲಿ ಡಬ್ಬಿ ಹಿಡಿದುಕೊಂಡು ಬಂದಳು. ಹಿಂದೆಯೇ ಅಡುಗೆಯವನೂ ಬಡಿಸುವವನೂ ಕಳ್ಳರ ಹಾಗೆ ನಿಂತರು. ಅಮ್ಮ ಹೇಗೂ ತಿನ್ನುತ್ತಿಲ್ಲವಲ್ಲ ಎಂದು ಉಳಿದದ್ದನ್ನು ಇಬ್ಬರೂ ಮುಗಿಸಿಬಿಟ್ಟಿದ್ದರು! ದ್ವಾರಕಿ ತಲೆ ಮೇಲೆ ಕೈ ಇಟ್ಟುಕೊಂಡ. ನಾನು ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು, ಮೂಲೆಯಲ್ಲಿ ಅಂಟಿದ್ದ ಚೂರನ್ನು ಬೆರಳಲ್ಲಿ ಕೆರೆದು ಬಾಯಿಗೆ ಹಾಕಿಕೊಂಡೆ.

"ಎರಡನೇ ಸಲ ಆಯ್ತು. ಸಾಕೇನೋ?"

ಚೀಲ ಬಿಚ್ಚಿ ಅವಳ ಹಣೆಗೆ ಕುಂಕುಮ ಇಟ್ಟೆ. ರವಿಕೆ ಕಣ, ಗುಲಾಬಿ ಉಡಿಗೆ ಹಾಕಿದೆ. ಬಾಗಿದ ತಲೆ ಮುಟ್ಟಿ ಬಾಯ್ತುಂಬ ಹರಸಿದೆ. ಪಕ್ಕದ ಮೇಜಿನವರು ಯಾಕೋ ಏನೋ ಚಪ್ಪಾಳೆ ತಟ್ಟಿದರು. ತಣ್ಣಗಾದ ಆಲೂಗಡ್ಡೆಯನ್ನು ಎಲ್ಲರೂ ಹಂಚಿಕೊಂಡು ತಿಂದೆವು, ಅಜ್ಜನೂ ಕೂಡ. ಅವರ ಎರಡನೆಯ ಸರದಿ ಶುರುವಾಗುವಷ್ಟರಲ್ಲಿ ನಾನು ಬಾಯಿ ಮುಕ್ಕಳಿಸಿ ತಯಾರಾಗಿ ಕೂತಿದ್ದೆ. ದ್ವಾರಕಿಯ ಕೈಯಲ್ಲಿ ಒಂದು ರೊಟ್ಟಿಯ ಚೂರಿತ್ತು. ನನ್ನ ಮುಖ ನೋಡಿ ಅದನ್ನು ಕೆಳಗಿಟ್ಟ.

ಮರುದಿನ ಪದ್ಮಜಾಳ ಅಡುಗೆಮನೆಯ ಮೇಜಿನ ಮೇಲೆ ಶೈಲಮ್ಮನಿಗೆ ಕಾಗದ ಬರೆದೆ. ನನ್ನ ಅಕ್ಷರ ದಪ್ಪ, ಹಾಳೆಗೆ ಹತ್ತೇ ಸಾಲು ಹಿಡಿಯುತ್ತದೆ. ಬರೆದದ್ದು ಇಷ್ಟು:

'ಹುಡುಗಿಯನ್ನು ನೋಡಿದೆ. ವಯಸ್ಸು ಮೂವತ್ತೈದು. ನಿಮ್ಮ ಹುಡುಗನೂ ಎಳೆಯವನಲ್ಲ. ಬಣ್ಣ ನನ್ನ ಹಾಗೆ ಕಪ್ಪು, ಕುಂಕುಮ ಎದ್ದು ಕಾಣುತ್ತದೆ. ಕೇಸರಿಬಾತಿಗೆ ಸಕ್ಕರೆ ಹೆಚ್ಚು ಹಾಕುತ್ತಾಳೆ, ತಿದ್ದಿಕೊಳ್ಳುತ್ತಾಳೆ. ಸಂಗೀತ ಪೂರ್ತಿ ಕೇಳಿದೆ, ಯಾರೂ ಸಾಕು ಎನ್ನಲಿಲ್ಲ. ಅವಳ ಜೊತೆ ಒಬ್ಬ ವಯಸ್ಸಾದವರು ನುಡಿಸುತ್ತಾರೆ. ಅವರು ಹಿಂದೆ ಬಿದ್ದಾಗ, ತನ್ನ ಮನಸ್ಸು ಕೆಟ್ಟಿದ್ದರೂ, ಯಾರಿಗೂ ತಿಳಿಯದ ಹಾಗೆ ನಿಂತು ಕಾದಳು. ನೀವು ಕೇಳಿದ ಕೊನೆಯ ಪ್ರಶ್ನೆಗೆ ಇದೇ ಉತ್ತರ. ನನಗೆ ಒಪ್ಪಿಗೆ.'

ಹದಿನೆಂಟು ದಿನಕ್ಕೆ ಉತ್ತರ ಬಂತು, ದ್ವಾರಕಿಗಲ್ಲ, ನನ್ನ ಹೆಸರಿಗೇ. 'ಆಷಾಢ ಕಳೆಯುತ್ತ ಬಂತು. ನೀವು ಊರಿಗೆ ಹೊರಡುವ ಮೊದಲು ಶ್ರಾವಣದಲ್ಲಿ ಒಳ್ಳೆಯ ದಿನ ನೋಡಿ ನಿಮ್ಮ ಕೈಯಿಂದಲೇ ಧಾರೆ ಎರೆಸಿಬಿಡಿ' ಎಂದಿತ್ತು. ಜೊತೆಗೆ ಅರಿಸಿನ ಹಚ್ಚಿದ ಒಂದು ಚೀಟಿಯಲ್ಲಿ ಕೇಸರಿಬಾತಿನ ಅಳತೆ.

ಫೋನು ಮಾಡಿದ ಒಂದು ಗಂಟೆಗೆ ನೀಲಿ ಕಾರು ಬಂತು. ದ್ವಾರಕಿಯ ಕೈಯಲ್ಲಿ ಹೊಸ ಗ್ರಾಫ್ ಹಾಳೆ, ಮದುವೆಯದು. ಮಾರ್ಗರೆಟ್ ಕಾರಿನಿಂದ ಇಳಿಯುತ್ತಲೇ ನಗುತ್ತಿದ್ದಳು. ಹಾಳೆ ಬಿಡಿಸಿ ಮೇಜಿನ ಮೇಲೆ ಹರಡಿದ. ಪದ್ಮಜಾಳ ಮನೆಯ ಹಿತ್ತಲು, ಮುಹೂರ್ತ ಹತ್ತೂಕಾಲಿಗೆ, ಧಾರೆ, ಎಲ್ಲ ಚೌಕವೂ ಇದ್ದವು. ಹನ್ನೊಂದೂವರೆಗೆ ಅಜ್ಜನ ಬಾಸು, ಮಾರ್ಗರೆಟ್‌ಳ ಪಿಯಾನೊ. ಒಂದು ಗಂಟೆಗೆ ಊಟ. ಸಂಗೀತ, ಊಟ, ಈ ಎರಡು ಚೌಕದ ನಡುವೆ ಮಾತ್ರ ಕೆಂಪು ಪೆನ್ಸಿಲಿನಲ್ಲಿ ದಪ್ಪನೆಯ ಅಡ್ಡಗೆರೆ ಎಳೆದು, ಅರ್ಧ ಗಂಟೆ ಖಾಲಿ ಬಿಟ್ಟಿದ್ದ.

"ಇದು ಯಾಕೋ ಖಾಲಿ?" ಅಂದೆ.

"ರೈಲು ತಡವಾದ್ರೆ ಇರಲಿ ಅಂತ ದೊಡ್ಡಮ್ಮ."

"ಹಿತ್ತಲಿಗೆ ಎಲ್ಲಿಂದ ಬರುತ್ತೋ ರೈಲು?" ಎಂದು ಪದ್ಮಜಾ ಕೇಳಿದಳು. ಅವನು ಯೋಚಿಸಿ, ಪೆನ್ಸಿಲ್ ಚೂಪು ಮಾಡಿ, ಆ ಖಾಲಿ ಚೌಕದಲ್ಲಿ ಸಣ್ಣಗೆ ಬರೆದ: "ದೊಡ್ಡಮ್ಮನಿಗೆ ಮಜ್ಜಿಗೆ."